ಹುಳದ ಮನೆ ಇಸ್ಕೂಲು

ಇಸ್ಕೂಲಿಗೆ ಹೋಗಲ್ಲ ಅಂತ ಕಂಬ ತಬ್ಕಂಡು, ಮನೇಲೇ ಕೂತ್ಕಂಡು ಓದ್ಕತೀನಿ ಅಂತೀಯಲ್ಲ ಜೋಯಲ್ಲು, ಅಜ್ಜಿ ಹೇಳ್ಕೊಡ್ತಾಳೆ ಅಂತ, ಅಜ್ಜಿ ಹೇಳ್ಕೊಟ್ಟಿದ್ದು ಎಂಗಿತ್ತು ಅಂತ ನಿಮ್ಮಕ್ಕನ್ನ ಕೇಳು ಒಸಿ. ಏನೇ ರೀಟಾ, ನಗ್ತೀಯ? ನಗು ನಗು, ನೀನೂ ನಿಮ್ಮಣ್ಣ ಪ್ರವೀಣನೂ ಆ ಚಾಪೆ ಮೇಲೆ ಕೂತಿದ್ದೋರೇ. ಇವನು ಆಗ ಕೂಸು, ಒಂದು ಕೈಯಲ್ಲಿ ಇವನು, ಇನ್ನೊಂದು ಕೈಯಲ್ಲಿ ಸೀಮೆಸುಣ್ಣ. ಎರಡು ವರ್ಷ ಕಣಪ್ಪ, ಎರಡು ವರ್ಷ ಈ ಮನೆ ಮಕ್ಕಳು ಆ ಗೇಟು ದಾಟಿ ಸ್ಕೂಲಿಗೆ ಹೋಗ್ನಿಲ್ಲ. ನಿಮ್ಮತ್ತೆ ಸ್ಟೆಲ್ಲಾ, ನನ್ನ ಕೊನೇ ಮಗಳು, ನಿಮ್ಮಪ್ಪ ಹುಟ್ಟಿ ಇಪ್ಪತ್ತು ವರ್ಷ ಆದ್ಮೇಲೆ ಹುಟ್ಟಿದೋಳು, ಈಗ ಹತ್ತನೇ ಕ್ಲಾಸು ಅಂತ ಜಂಬ ಮಾಡ್ತಾಳಲ್ಲ, ಇನ್ನೊಸಿ ದಿನ ಅಂಗೇ ಬಿಟ್ಟಿದ್ರೆ ಅವಳ ಓದು ಪೂರಾ ಮುಳುಗಿಹೋಗೋದು. ಎಲ್ರೂ ಕೊರೊನದಿಂದ ಅಂತಾರೆ. ಕೊರೊನ ಬಂತು, ಹೋಯ್ತು. ಆಮೇಲಿಂದೆಲ್ಲ ನನ್ನ ಬಾಯಿಂದ ಆಗಿದ್ದು.

ನಿಮ್ಮ ದೊಡ್ಡಜ್ಜಿ ಇದ್ರಲ್ಲ, ಲೂರ್ದಕ್ಕ, ನಿಮ್ಮ ದೊಡ್ಡತಾತನ ಹೆಂಡ್ತಿ, ನನ್ನ ವಾರಗಿತ್ತಿ. ವಾರಗಿತ್ತಿ ಏನು ಬಂತು, ಅಕ್ಕನೇ. ನಾನು ಹದಿನೇಳಕ್ಕೆ ಈ ಮನೆಗೆ ಬಂದಾಗ ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋದು ಎಂಗೆ ಅಂತ ಕೈ ಹಿಡಿದು ತೋರ್ಸಿದೋರು ಅವರು. ಎರಡನೇ ಸಲ ಕೊರೊನ ಜೋರಾಯ್ತಲ್ಲ, ಆಗ ಹೋದ್ರು. ನಡ್ಕಂಡು ಹೋಗಿ ವ್ಯಾನು ಹತ್ತಿದೋರು, ಆಮೇಲೆ ಮುಖ ನೋಡಕ್ಕೂ ಸಿಗ್ನಿಲ್ಲ. ಮಣ್ಣಿಗೆ ನಾಕೇ ಜನ, ಚರ್ಚಿನ ಸ್ವಾಮಿಯೋರು ದೂರದಲ್ಲಿ ನಿಂತು ಪ್ರಾರ್ಥನೆ ಹೇಳಿದ್ರು. ಅದಕ್ಕೆ ಮುಂಚೆ ಒಂದಷ್ಟು ದಿನ ದೊಡ್ಡ ಕ್ಲಾಸಿನೋರಿಗೆ ಸ್ಕೂಲು ತೆಗೆದಿದ್ರು, ಸ್ಟೆಲ್ಲಾ ಆರನೇ ಕ್ಲಾಸು, ಹೋಗಿ ಬಂದು ಮಾಡ್ತಿದ್ಲು. ಅವಳಿಂದಲೇ ಮನೆಗೆ ಬಂತು ಅಂತ ನಮ್ಮ ಭಾವನ, ಅದೇ ನಿಮ್ಮ ದೊಡ್ಡತಾತನ ತಲೇಲಿ ಕೂತ್ಬುಡ್ತು. ಬಾಯ್ಬಿಟ್ಟು ಒಂದಿನಾನೂ ಅನ್ನಿಲ್ಲ, ಸುಳ್ಳು ಹೇಳಬಾರದು. ಆದರೆ ಮಗು ಕಣ್ಣಿಗೆ ಅಷ್ಟೂ ಕಾಣಲ್ವಾ? ಅವರು ಮಾತೆ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ನಿಂತ್ಕಂಡು ಹರಕೆ ಕಟ್ಕಂಡ್ರು. ನನ್ನ ಭಯ ಹೋಗೋವರ್ಗೂ ಈ ಮನೆ ಮಕ್ಕಳನ್ನ ಸ್ಕೂಲಿಗೆ ಕಳ್ಸಲ್ಲ ತಾಯಿ ಅಂತ. ಗಂಡಸು ಅಂಗೆ ಗಳಗಳ ಅಳೋದು ನಾನು ನೋಡಿರ್ನಿಲ್ಲ. ನನ್ನ ಬಾಯಿ ಸುಮ್ನಿರ್ತದಾ, ಅಂದ್ಬುಟ್ಟೆ: "ಅಳಬೇಡಿ ಭಾವ. ಸ್ಕೂಲು ಏನು ಮಹಾ, ಮಕ್ಕಳಿಗೆ ನಾನೇ ಹೇಳ್ಕೊಡ್ತೀನಿ."

ನಾನು ಅಂದಿದ್ದು ಹತ್ತು ದಿನದ ಮಾತು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಾನೇನು ಟೀಚರ್ರಾ? ಅಂಗನವಾಡೀಲಿ ಏಳು ವರ್ಷ ಉಪ್ಪಿಟ್ಟು ಕೆದಕಿದೋಳು, ಅಲ್ಲಿ ಮಕ್ಕಳು ಸುಮ್ನೆ ಟೀಚರ್ ಟೀಚರ್ ಅನ್ನವು. ಎಸ್ಸೆಲ್ಸಿ ಎರಡನೇ ಸಲಕ್ಕೆ ಪಾಸು, ಅದೂ ಲೆಕ್ಕದಲ್ಲಿ ಯಾರೋ ಪುಣ್ಯಾತ್ಮರು ಕೈ ಎತ್ತಿ ಹಾಕಿದ್ದು. ಮೊದಮೊದಲು ಚೆನ್ನಾಗೇ ಇತ್ತು ಅನ್ನು. ಹುಳದ ಮನೆ ತೊಳೆದು, ಬ್ಲೀಚಿಂಗ್ ಪುಡಿ ವಾಸನೆ ಹೋಗಕ್ಕೆ ಬಾಗಿಲು ತೆಗೆದು ಮಡಗಿ, ಚಾಪೆ ಹಾಕಿ ಮೂರು ಜನಾನೂ ಕೂರಿಸ್ದೆ. ಹುಳ ಇದ್ದಾಗ ಜಗಲಿ ಮೇಲೆ, ಹುಳ ಇಲ್ಲದಾಗ ಒಳಗೆ. ಹುಳ ಕೊಲ್ಲೋ ಊಜಿ ನೊಣ ಬರದಂಗೆ ಕಿಟಕಿಗೆಲ್ಲ ಜಾಲರಿ ಹೊಡೆದಿತ್ತು, ಅದರೊಳಗಿಂದ ನೋಡಿದ್ರೆ ಕಬ್ಬಾಳು ಬೆಟ್ಟ ಕಾಣೋದು, ಕೆಳಗೆ ರಸ್ತೆ. ಮುಂದಿನ ವರ್ಷ ಸ್ಕೂಲು ಶುರುವಾಯ್ತಲ್ಲ, ಊರ ಮಕ್ಕಳೆಲ್ಲ ಬ್ಯಾಗು ಹಾಕ್ಕಂಡು ಅದೇ ರಸ್ತೇಲಿ ಹೋಗವು. ನಮ್ಮವು ಜಾಲರಿಗೆ ಮೂಗು ಒತ್ಕಂಡು ನಿಲ್ಲವು. "ಬನ್ರೋ, ಪಾಠ" ಅಂತ ನಾನೇ ಎಳ್ಕಂಡು ಬರ್ತಿದ್ದೆ. ಭಾವ ಬಾಗಿಲಲ್ಲಿ ಕುರ್ಚಿ ಹಾಕ್ಕಂಡು ಕೂತ್ಕಂಡು ಕೇಳೋರು. ಆ ಹೊತ್ತು ಮಾತ್ರ ಅವರ ಮುಖದಲ್ಲಿ ಒಸಿ ಗೆಲುವು ಇರೋದು. ಅದೇ ನನ್ನ ಕಟ್ಟಿಹಾಕಿದ್ದು, ಗೊತ್ತಾ. ಬೈದಿದ್ರೆ ಎದುರು ಮಾತಾಡ್ತಿದ್ದೆ. ಖುಷಿಯಾಗಿ ಕೂತಿರೋ ದುಃಖಸ್ತರಿಗೆ ಏನು ಹೇಳ್ತೀಯ? ನಿಮ್ಮ ತಾತಂಗೆ ಹೇಳಿದ್ರೆ, "ಅಣ್ಣ ಬೇಜಾರು ಮಾಡ್ಕತನೆ, ಇರು ಒಸಿ ದಿನ" ಅಂದ್ಬುಟ್ಟು ಸೊಪ್ಪು ಕುಯ್ಯಕ್ಕೆ ಹೋಯ್ತಿದ್ರು. ಅಣ್ಣನ ಮುಂದೆ ಅವರ ಬಾಯಿಗೆ ಬೀಗ.

ಆಮೇಲೆ ಜಗಳ ಶುರುವಾಯ್ತು. ಮೂರು ಜನರಲ್ಲಿ ಒಬ್ಬಳು ಮಗಳು, ಇಬ್ಬರು ಮೊಮ್ಮಕ್ಕಳು. ನಿಮ್ಮಮ್ಮ ಲೀನಾ, ಒಳಗಿಂದ ಕೇಳಿಸ್ಕತಾ ಅವಳೆ, ಕೇಳಿಸ್ಕಳ್ಲಿ, ಅವಳು ಅಂದ್ಳು, "ಅತ್ತೆ, ನಿಮ್ಮ ಮಗಳಿಗೆ ಹೊಸ ನೋಟ್‌ಬುಕ್ಕು, ನನ್ನ ಮಕ್ಕಳಿಗೆ ಹಳೇದರ ಹಿಂದಿನ ಹಾಳೆ." ನಿಜ ಹೇಳ್ಬೇಕು ಅಂದ್ರೆ ಹೊಸದು ಕೊಟ್ಟಿದ್ದು ರೀಟಾಗೆ. ಅಲ್ಲ, ಪ್ರವೀಣಂಗೆ. ಯಾರಿಗೋ. ಇತ್ತ ಸ್ಟೆಲ್ಲಾ ಮೂತಿ ಊದಿಸ್ಕಂಡು, "ಅಜ್ಜಿ ಅಂತ ಕರೆಯೋರಿಗೆ ಬೆಲ್ಲ, ಅಮ್ಮ ಅಂತ ಕರೆಯೋಳಿಗೆ ಬೆತ್ತ" ಅನ್ನೋಳು. ಅದೂ ಸುಳ್ಳಲ್ಲ. ಪಕ್ಷಪಾತ ಮಾಡ್ತಾಳೆ ಅಂದಾರು ಅಂತ ಅವಳಿಗೇ ಎರಡೇಟು ಜಾಸ್ತಿ ಹಾಕ್ತಿದ್ದೆ. ತಲೆ ಕೆಟ್ಟು ಒಂದಿನ ರೂಲ್ಸು ಮಾಡ್ದೆ: ಇವತ್ತಿಂದ ಇಲ್ಲಿ ಅಮ್ಮನೂ ಇಲ್ಲ, ಅಜ್ಜಿನೂ ಇಲ್ಲ. ಟೀಚರ್ ಅನ್ಬೇಕು, ಎಲ್ರೂವೆ. ದೊಡ್ಡ ಬುದ್ಧಿವಂತೆ ನಾನು. ಮೊಮ್ಮಕ್ಕಳಿಗೆ ಅದು ಆಟ, ಪಾಠ ಮುಗೀತಿದ್ದಂಗೆ ಅಜ್ಜೀ ಚಕ್ಲಿ ಕೊಡು ಅಂತ ಸೆರಗು ಹಿಡಿಯವು, ಅವಕ್ಕೆ ಅಂಟ್ನಿಲ್ಲ. ಸ್ಟೆಲ್ಲಾಗೆ ಅಂಟ್ಕಂಡುಬುಡ್ತು. ಊಟಕ್ಕೆ ಕೂತ್ರೂ ಟೀಚರ್, ಜಪಸರ ಮುಗಿಸಿ ದೊಡ್ಡೋರಿಗೆ ಕೈಮುಗಿದು ಸ್ತೋತ್ರ ಹೇಳ್ವಾಗಲೂ ಟೀಚರ್. ನಾನು ನಗ್ತಿದ್ದೆ ಮೊದ್ಲು, ರೇಗಿಸ್ತಾಳೆ ಅನ್ಕಂಡು.

ಎರಡನೇ ವರ್ಷ ಅವಳ ಪುಸ್ತಕ ನನ್ನ ಕೈ ಮೀರ್ತು. ಎಂಟನೇ ಕ್ಲಾಸಿನ ಲೆಕ್ಕ ಕಣಪ್ಪ, ಅದರಲ್ಲಿ ಅಂಕಿಗಿಂತ ಅಕ್ಷರಾನೇ ಜಾಸ್ತಿ. ಪುಸ್ತಕದ ಹಿಂದ್ಗಡೆ ಉತ್ತರ ಕೊಟ್ಟಿರ್ತಾರೆ ನೋಡು, ಬೆಳಿಗ್ಗೆ ಎದ್ದು ಅದನ್ನ ಬಾಯಿಪಾಠ ಮಾಡ್ಕಂಡು ಬಂದು ಬೋರ್ಡ್ ಮೇಲೆ ಬರೆದುಬುಡ್ತಿದ್ದೆ. "ಟೀಚರ್, ಉತ್ತರ ಸರಿ, ಮಧ್ಯದ ಲೆಕ್ಕ ಎಲ್ಲಿ?" ಅಂತ ಅವಳು ಕೇಳೋಳು. "ಅದು ನೀನೇ ಮಾಡ್ಬೇಕು, ಎಲ್ಲಾ ನಾನೇ ಹೇಳ್ಕೊಟ್ರೆ ನಿಂಗೆಲ್ಲಿ ಬರ್ತದೆ" ಅಂತ ಗದರಿಸ್ತಿದ್ದೆ. ಆಮೇಲಾಮೇಲೆ ಅವಳು ಕೇಳೋದೇ ಬಿಟ್ಲು. ಗೊತ್ತಾಗೋಗಿತ್ತು ಅವಳಿಗೆ. ಗೊತ್ತಿದ್ದೂ ಸುಮ್ನೆ ಅಂಗೇ ಬರ್ಕತಿದ್ಲು. ಒಂದಿನ ಸ್ಕೂಲಿನ ಮೇಡಂ ಒಬ್ಬರು ಹುಡುಕ್ಕಂಡು ಬಂದ್ರು, ಯಾಕೆ ಮಕ್ಕಳನ್ನ ಕಳ್ಸಿಲ್ಲ, ದೊಡ್ಡ ಹುಡುಗಿಗೆ ಈ ವರ್ಷವೂ ತಪ್ಪಿದ್ರೆ ಮತ್ತೆ ಸೇರ್ಸೋದು ಕಷ್ಟ ಆಯ್ತದೆ ಅಂತ. ಭಾವ ಮಜ್ಜಿಗೆ ಕೊಟ್ಟು, "ನಮ್ಮನೇಲೇ ಟೀಚರ್ ಅವ್ರೆ ಮೇಡಂ, ನಮ್ಮ ತಮ್ಮನ ಹೆಂಡ್ತಿ ಜಪಮಾಲೆ, ಇವಳೇ ಎಲ್ಲಾ ಹೇಳ್ಕೊಡ್ತಾಳೆ, ಅಲ್ವೇನವ್ವ?" ಅಂತ ನನ್ನ ಕಡೆ ನೋಡಿದ್ರು. ನಾನು ಏನು ಮಾಡ್ದೆ ಅಂತೀಯ? ಹೂಂ ಅಂತ ತಲೆ ಆಡ್ಸಿದೆ. ಸ್ಟೆಲ್ಲಾ ಬಾಗಿಲ ಸಂದೀಲಿ ನಿಂತು ನೋಡ್ತಿದ್ಲು. ಆ ಮೇಡಂ ಗೇಟು ಹಾಕ್ಕಂಡು ಹೋದ ಸದ್ದು ನಂಗೆ ಈಗ್ಲೂ ಕೇಳಿಸ್ತದೆ.

ಅದಾದ ಒಂದು ತಿಂಗಳಿಗೆ, ಪತ್ರ ಬರೆಯೋದು ಹೇಳ್ಕೊಡ್ತಿದ್ದೆ. ಅದೊಂದು ನಂಗೆ ಚೆನ್ನಾಗಿ ಬರೋದು. ರಜಾ ಚೀಟಿ ಇಲ್ಲದೆ ಯಾರೂ ಏಳಂಗಿಲ್ಲ ಅಂತ ಬೇರೆ ಮಾಡಿದ್ದೆ. ಸ್ಟೆಲ್ಲಾ ಬೆಳಿಗ್ಗೆಯಿಂದ ಮುದುರ್ಕಂಡು ಕೂತಿದ್ಲು. ಎದ್ದು ಬಂದು ಒಂದು ಹಾಳೆ ಕೊಟ್ಲು. "ಮಾನ್ಯ ಟೀಚರ್ ಅವರಿಗೆ, ನನಗೆ ಹೊಟ್ಟೆನೋವು ಇರುವುದರಿಂದ ಒಂದು ದಿನ ರಜೆ ನೀಡಬೇಕೆಂದು ಕೋರುತ್ತೇನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ, ಸ್ಟೆಲ್ಲಾ." ಕೆಳಗೆ ಪೋಷಕರ ಸಹಿ ಅಂತ ಬರೆದು ಚುಕ್ಕಿ ಚುಕ್ಕಿ ಇಟ್ಟಿದ್ಲು. ನಾನು ಅವಳ ಮುಖಾನೂ ನೋಡ್ನಿಲ್ಲ ಕಣ್ರೋ. ಹಾಳೆ ನೋಡ್ದೆ. "ಸಹಿ ಇಲ್ವಲ್ಲ, ಹಾಕಿಸ್ಕಂಡು ಬಾ" ಅಂದೆ. ಅವಳು ಅಲ್ಲೇ ನಿಂತಿದ್ಲು. ಆಮೇಲೆ ಮೆಲ್ಲಗೆ ಕೇಳಿದ್ಲು, "ಯಾರತ್ರ ಹಾಕಿಸ್ಕಂಡು ಬರ್ಲಿ ಟೀಚರ್?"

ತಲೆ ಎತ್ತಿ ನೋಡ್ದೆ. ಅವಳು ತಿರುಗಿದ್ಲು, ಲಂಗದ ಹಿಂದೆ ಕಲೆ. ಮಗು ದೊಡ್ಡೋಳಾಗಿತ್ತು. ಯಾವ ಹೆಣ್ಣುಮಗು ಆದ್ರೂ ಆ ಹೊತ್ತಲ್ಲಿ ಅಮ್ಮಾ ಅಂತ ಓಡಿ ಬರ್ತದೆ, ನನ್ನ ಮಗು ಅರ್ಜಿ ಬರ್ಕಂಡು ಬಂದಿತ್ತು. ತಬ್ಕಂಡೆ, ಲೀನಾನ ಕೂಗಿದೆ, ಬಿಸಿನೀರು ಕಾಯ್ಸಿ ಸ್ನಾನ ಮಾಡ್ಸಿದೆ, ಎಲ್ಲಾ ಮಾಡ್ದೆ. ಅವಳು ಮರದ ತುಂಡು ನಿಂತಂಗೆ ನಿಂತಿದ್ಲು. ಅವತ್ತು ನಾನು ಅತ್ತಷ್ಟು ನಮ್ಮಪ್ಪ ಸತ್ತಾಗ್ಲೂ ಅತ್ತಿಲ್ಲ.

ಮಧ್ಯಾಹ್ನ ಚೀಟಿ ತಗಂಡು ಹೋಗಿ ಭಾವನ ಮುಂದೆ ಮಡಗಿದೆ. ಚಂದ್ರಿಕೆ ಬಿಸಿಲಿಗೆ ಹಾಕ್ತಿದ್ರು, ಅದೇ, ಹುಳ ಗೂಡು ಕಟ್ಟೋ ಬಿದಿರಿನ ತಟ್ಟಿ. ಓದಿದ್ರು. ಇನ್ನೊಂದು ಸಲ ಓದಿದ್ರು. "ಏನಮ್ಮ ಇದು?" ಅಂದ್ರು. ಹೇಳ್ಬುಟ್ಟೆ: "ಭಾವ, ನಂಗೆ ಬರಲ್ಲ. ಆ ಲೆಕ್ಕ ನಂಗೆ ಒಂದೂ ಬರಲ್ಲ. ಹಿಂದ್ಗಡೆ ಉತ್ತರ ನೋಡಿ ಬರೆಯೋದು ನಾನು. ನಿಮ್ಮ ಹರಕೆ ನಿಮ್ಮದು, ಅದನ್ನ ನಾನು ಮುರಿಯಕ್ಕಾಗಲ್ಲ. ಹೇಳ್ಕೊಡ್ತೀನಿ ಅಂದಿದ್ದು ನನ್ನ ಮಾತು, ಅದನ್ನ ವಾಪಸ್ ತಗಂಡೆ. ಅವಳಿಗೆ ಟೀಚರೂ ಇಲ್ಲ ಈಗ, ಅಮ್ಮನೂ ಇಲ್ಲ." ಭಾವ ಚೀಟಿ ಮಡಿಸಿ ನನ್ನ ಕೈಗೆ ಕೊಟ್ರು. ಆಮೇಲೆ, "ನಂಗೆ ಭಯ ಹೋಗಿಲ್ಲ ಜಪಮಾಲೆ. ಹೋಗೋದೂ ಇಲ್ಲ, ಅದು ಗೊತ್ತಾಗೋಯ್ತು. ಆ ತಾಯಿಗೆ ನಾನು ಹೇಳ್ಕತೀನಿ, ನೀನು ಮಗೂನ ಕರ್ಕಂಡು ಹೋಗು" ಅಂದ್ರು. ಇಷ್ಟೇ. ಎರಡು ವರ್ಷದಲ್ಲಿ ಯಾವತ್ತಾದ್ರೂ ಹೇಳಬಹುದಿತ್ತಲ್ಲ ಇದನ್ನ? ಗೇಟಿಗೆ ಬೀಗ ಹಾಕಿದೋರು ಯಾರು? ಅವರನ್ನ ಬೈಕಂಡೇ ಕಾಲ ಕಳೆದಿದ್ದೆ ನಾನು.

ಚಿಕ್ಕವೆರಡನ್ನ ಊರ ಸ್ಕೂಲಿಗೆ ಸೇರ್ಸಿ, ಸ್ಟೆಲ್ಲಾನ ಹೈಸ್ಕೂಲಿಗೆ ಕರ್ಕಂಡು ಹೋದೆ. ಹೆಡ್ ಮಾಸ್ತರು ಹಳೇ ಸ್ಕೂಲಿನ ಕಾಗದ ಎಲ್ಲಾ ನೋಡಿ, ಎಂಟನೇ ಕ್ಲಾಸಿಗೆ ಬರ್ಕತೀನಿ, ಜೊತೆಯೋರೆಲ್ಲ ಮುಂದೆ ಹೋಗವ್ರೆ, ಬೇಜಾರಿಲ್ವೇನಮ್ಮ ಅಂದ್ರು. ಬೋರ್ಡ್ ಮೇಲೆ ಒಂದು ಲೆಕ್ಕ ಬರೆದು ಮಾಡು ಅಂದ್ರು. ಅವಳು ಸೀಮೆಸುಣ್ಣ ತಗಂಡು ಒಸಿ ಹೊತ್ತು ನೋಡಿ, ತಿರುಗಿ, "ಬರಲ್ಲ ಸಾರ್" ಅಂದ್ಳು. ತಲೆ ತಗ್ಗಿಸ್ನಿಲ್ಲ, ಅಳ್ನಿಲ್ಲ. ಅವರು, "ಬರಲ್ವಾ, ಸರಿ, ಸೋಮವಾರದಿಂದ ಬಾ" ಅಂದ್ಬುಟ್ಟು ರಿಜಿಸ್ಟರು ತೆಗೆದ್ರು. ನಾನು ಹೊರಗೆ ಬಂದು ಬೇವಿನ ಮರದ ಕಟ್ಟೆ ಮೇಲೆ ಕೂತ್ಕಂಡುಬುಟ್ಟೆ. ಹದಿನಾಲ್ಕು ವರ್ಷದ ಹುಡುಗಿ ಬಾಯಲ್ಲಿ ಅಷ್ಟು ಸಲೀಸಾಗಿ ಬಂತಲ್ಲ ಆ ಮಾತು. ಈಗ ಅಮ್ಮ ಅಂತಾಳೆ, ಅಂತಾಳೆ. ಆದ್ರೂ ಕರೆಯೋಕೆ ಮುಂಚೆ ಒಂದು ಗಳಿಗೆ ತಡೀತಾಳೆ, ಅದು ನಂಗೆ ಮಾತ್ರ ಗೊತ್ತಾಗೋದು. ಬಾಯಿ ಬಿಟ್ರೆ ಬಣ್ಣಗೇಡು ಅಂತಾರಲ್ಲ ಜೋಯಲ್ಲು, ಕೇಡಾದ್ರೆ ಆಗ್ಲಿ, ಬರದಿದ್ರೆ ಬರಲ್ಲ ಅಂತ ಅವತ್ತಿಂದವತ್ತಿಗೇ ಅಂದ್ಬುಡ್ಬೇಕು. ಏಳೀಗ, ಕಂಬ ಬಿಡು, ಇಸ್ಕೂಲು ಬಸ್ಸು ಬತ್ತದೆ.