ಅಪ್ಪನ ವಾಚಿನ ರೇಡಿಯಂ ಚುಕ್ಕೆಗಳು

ವಾಚ್ ರಿಪೇರಿ ಅಂಗಡಿಯಲ್ಲಿ ನನಗಿಂತ ಮುಂದೆ ಅಕ್ಕ ತಮ್ಮ ಇಬ್ಬರು ನಿಂತಿದ್ದರು. ರಿಪೇರಿಯಾಗಿ ಬಂದ ಹಳೆಯ ವಾಚನ್ನು ತಮ್ಮ ತನ್ನ ಕೈಗೆ ಕಟ್ಟಿಕೊಂಡು ಅಕ್ಕನ ಮೂಗಿನ ಹತ್ತಿರ ಹಿಡಿದ.

“ನೋಡಕ್ಕಾ, ಅಪ್ಪನ ವಾಚು. ರೇಡಿಯಂ ಚುಕ್ಕೆ ಎಲ್ಲಾ ಹೊಸದು.”

“ಹೊಸದಾ? ಮೊದಲಿನ ಹಾಗೇ ಕಂದುಗಟ್ಟಿದೆಯಲ್ಲೋ.”

“ಅದೇ ಮಜಾ. ಹಳೇದು ಕೆರೆಸಿ, ಹೊಸದು ಹಚ್ಚಿಸಿ, ಅದರ ಮೇಲೆ ಕಂದು ಬಣ್ಣ ಹಾಕಿಸಿದೀನಿ. ಹಳೇ ವಾಚು ಹಳೇದಾಗೇ ಕಾಣ್ಬೇಕು.”

“ಥೂ! ನಿಜವಾದ ಹಳೇದನ್ನ ಕೆರೆಸಿ ಸುಳ್ಳು ಹಳೇದು ಬಳಿಸಿದ್ಯಾ?”

“ವಾಚಿನ ಹುಚ್ಚು ಇರೋರೆಲ್ಲ ಈಗ ಹೀಗೇ ಮಾಡ್ಸೋದು.”

ಅಕ್ಕ ಅವನ ಮಣಿಕಟ್ಟಿನ ಮೇಲೆ ಎರಡೂ ಅಂಗೈ ಮುಚ್ಚಿ ಸಂದಿಯಿಂದ ಇಣುಕಿದಳು.

“ಹೊಳೀತಾನೇ ಇಲ್ವಲ್ಲೋ.”

“ಕಂದು ಬಣ್ಣ ಹಾಕಿದ್ಮೇಲೆ ಮಂಕಾಗುತ್ತೆ.”

“ಅಪ್ಪ ಏನಂತ ಹೇಳಿ ಕೊಟ್ಟಿದ್ರು?”

“ಕತ್ತಲಲ್ಲಿ ಟೈಮು ಕಾಣ್ಬೇಕು ಅಂತ.”

“ಆಸ್ಪತ್ರೇಲಿ ನಿದ್ದೆ ಬರದೆ ಒದ್ದಾಡ್ತಾರೆ. ಲೈಟ್ ಹಾಕಿದ್ರೆ ಪಕ್ಕದ ಬೆಡ್ಡಿನೋರು ಬೈತಾರೆ. ಬೆಳಗಾಗೋಕೆ ಎಷ್ಟು ಹೊತ್ತಿದೆ ಅಂತ ನೋಡ್ಕೊಳ್ಳೋಕೆ ಕೇಳಿದ್ದು ಕಣೋ ಅವರು.”

“ಇನ್ನೆಷ್ಟು ದಿನ ನೋಡ್ತಾರಕ್ಕಾ? ಆಮೇಲೆ ಕಟ್ಕೊಳ್ಳೋನು ನಾನೇ ತಾನೇ.”

“ಅಸಹ್ಯ! ಅಪ್ಪ ಇನ್ನೂ ಬದುಕಿದಾರೆ. ಬಿಚ್ಚೋ ಅದನ್ನ.”

ಅವನು ತೋಳಿನ ಗುಂಡಿ ಹಾಕಿ ವಾಚನ್ನು ಮುಚ್ಚಿಕೊಂಡು ಮೆಟ್ಟಿಲಿಳಿದ. ಅಕ್ಕ ಅಂಗಡಿಯವನತ್ತ ತಿರುಗಿದಳು.

“ಕತ್ತಲಲ್ಲಿ ಚೆನ್ನಾಗಿ ಹೊಳೆಯೋ ವಾಚು ಒಂದು ಕೊಡಿ. ಪ್ಲಾಸ್ಟಿಕ್ಕಿಂದಾದ್ರೂ ಪರವಾಗಿಲ್ಲ.”

ಕೊಟ್ಟದ್ದನ್ನು ಸೆರಗಿನೊಳಗೆ ಹಿಡಿದು ನೋಡಿದಳು. ಹಸಿರು ಬೆಳಕು ಅವಳ ಗಲ್ಲಕ್ಕೆ ತಾಗಿತು. ಆಮೇಲೆ ಅವಳೂ ಹೊರಟಳು, ಆಸ್ಪತ್ರೆಯ ದಾರಿ ಹಿಡಿದು.