ಕಾರಿನೊಳಗಿನ ಮಾತು

2024ರ ನವೆಂಬರ್ 19, ಮಂಗಳವಾರ, ಬೆಳಿಗ್ಗೆ 8 ಗಂಟೆ 40 ನಿಮಿಷ. ಸಕಲೇಶಪುರದ ಬಸ್ ನಿಲ್ದಾಣ. ಪಕ್ಕದ ಬೆಂಚಿನಲ್ಲಿದ್ದವರು ಕಾರ್ ರ‍್ಯಾಲಿ ನಡೆಸುವ ನಟರಾಜ್ ಮತ್ತು ರ‍್ಯಾಲಿಯಲ್ಲಿ ತನ್ನ ಅಣ್ಣ ಲಿಯಾನ್‌ನ ಪಕ್ಕ ಕೂತು ಮುಂದಿನ ತಿರುವುಗಳನ್ನು ಓದಿ ಹೇಳುವ ಡೆಲ್ಸಿ ಎಂದು ಅವರ ಮಾತಿನಿಂದಲೇ ತಿಳಿಯಿತು.

“ಹೋದ್ ಸಲ ಕಾರೊಳಗೆ ಮೈಕ್ ಇಟ್ಟು ಗುಡ್ಡದ ಮೇಲೆ ಸ್ಪೀಕರ್ ಹಾಕ್ಸಿದ್ದು ನಂದೇ ತಪ್ಪು ಕಣಮ್ಮ. ಕಾರು ನಾಕು ಸೆಕೆಂಡಲ್ಲಿ ಹೋಗ್ಬುಡ್ತೈತೆ, ಜನಕ್ಕೆ ಧೂಳೊಂದೇ ಗತಿ. ಒಳಗಿನ ಮಾತು ಕೇಳಿದ್ರಾದ್ರೂ ಮಜಾ ಬರ್ತೈತೆ ಅನ್ಕೊಂಡೆ.”

“ಬಂತಲ್ಲ ನಟರಾಜಣ್ಣ. ಅಣ್ಣ ನಂಗೆ ‘ಬಾಯ್ಮುಚ್ಚೇ ಕತ್ತೆ’ ಅಂದಿದ್ದಕ್ಕೆ ಗುಡ್ಡ ಪೂರ್ತಿ ಸಿಳ್ಳೆ ಹೊಡೀತು.”

“ಲಿಯಾನ್ ಯಾವಾಗ್ಲೂ ಬಯ್ಯೋನೇ ಅಲ್ವಾ?”

“ಆರು ವರ್ಷದಿಂದ ಬಯ್ತಾನೆ. ನಾನೂ ಕೋಣ ಅಂತ ತಿರುಗಿಸಿ ಬಯ್ತೀನಿ. ಹೆಲ್ಮೆಟ್ ತೆಗೆದ್ರೆ ಇಬ್ರಿಗೂ ನೆನಪಿರ್ತಿರ್ಲಿಲ್ಲ. ಈಗ ಮೀನಂಗಡೀಲೂ ನನ್ನ ನೋಡಿ ಕತ್ತೆ ಅಂತ ನಗ್ತಾರೆ.”

“ಈ ಸಲ ಮೈಕ್ ಇರಲ್ಲ. ಭಾನುವಾರ ರ‍್ಯಾಲಿಗೆ ಬಾರೆ ಮಾರಾಯ್ತಿ.”

“ಮೈಕ್ ಇಲ್ದಿದ್ರೂ ನಂಗೆ ಆ ಸಿಳ್ಳೆ ಕೇಳ್ಸುತ್ತೆ. ಅವ್ನೂ ಈಗ ನನ್ನತ್ರ ‘ದಯವಿಟ್ಟು’ ಅಂತ ಮಾತಾಡ್ತಾನೆ. ಹಂಗೆ ಮಾತಾಡ್ಕೊಂಡು ರ‍್ಯಾಲಿ ಓಡ್ಸಕ್ಕಾಗುತ್ತಾ?”

ಯಸಳೂರಿನ ಬಸ್ಸು ಬಂತು. ಡೆಲ್ಸಿ ಎದ್ದು ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು.

“ಇದನ್ನ ಅವನಿಗೆ ಕೊಡಿ. ಜೀಪಲ್ಲಿ ಹೋಗಿ ಭಾನುವಾರದ ದಾರಿಯ ಒಂದೊಂದು ತಿರುವೂ ಬರ್ದಿದೀನಿ. ಓದೋಕೆ ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ಳಲಿ.”

“ನೀನೇ ಕೊಡಬಾರ್ದಾ?”

ಅವಳು ಬಸ್ಸು ಹತ್ತಿದಳು. ನಟರಾಜ್ ನೋಟ್‌ಬುಕ್ ಹಿಡಿದು ಆಟೋಗಳ ಕಡೆ ನಡೆದರು. ರಟ್ಟಿನ ಮೇಲೆ ದಾರಿಯ ಉದ್ದ ಬರೆದಿತ್ತು: 18.2 ಕಿಲೋಮೀಟರ್.