ಖಾಲಿ ಕುರ್ಚಿಗೊಂದು ಒಡಪು

ಈ ಸಭೆಯ ಅಧ್ಯಕ್ಷರೂ ನಮ್ಮ ಕಾಲನಿ ಸಂಘದ ಹಿರಿಯರೂ ಆದ ಅಡಿವೆಯ್ಯನವರೇ, ಧಾರವಾಡದಿಂದ ಬಂದಿರುವ ಮಾನವಶಾಸ್ತ್ರದ ಪ್ರಾಧ್ಯಾಪಕರೂ ಮುಂಡಗೋಡ ಸೀಮೆಯ ಸನವಳ್ಳಿಯ ಮಗಳೂ ಆದ ಡಾಕ್ಟರ್ ತುಳಜಾ ಮೇಡಂ ಅವರೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಕುಳಿತು ಒಗ್ಗರಣೆಯ ವಾಸನೆ ಹಿಡಿಯುತ್ತಿರುವ ಗೆಳೆಯರೇ, ಸಭಿಕರೇ,

ನಾನು ಮಲಕಪ್ಪ. ನನ್ನನ್ನು ಪರಿಚಯಿಸುವ ಅಗತ್ಯವಿಲ್ಲ. ಪೇಪರ್ ಮಿಲ್ಲಿನ ಗೇಟಿನ ಮುಂದೆ ನಿಂತು ಎಷ್ಟು ವರ್ಷ ಭಾಷಣ ಹೊಡೆದಿದ್ದೇನೆ, ನಿಮ್ಮಲ್ಲಿ ಎಷ್ಟು ಜನರ ಹೆಸರು ಹಿಡಿದು ಕೂಗಿದ್ದೇನೆ! ಆದರೆ ಇವತ್ತು ಮಾತು ಶುರುಮಾಡುವ ಮೊದಲೇ ಮೈಕನ್ನು ಮೂರು ಸಲ ಮೇಲೆ ಕೆಳಗೆ ಮಾಡಿಸಿದ್ದೇನೆ. ಮೈಕಿನವನಿಗೂ ಬೇಸರ ಬಂದಿರಬೇಕು.

ಎಲ್ಲರೂ ಆಗಿನಿಂದ ವೇದಿಕೆಯ ಮೇಲಿರುವ ಆ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದೀರಿ. ಶಾಲು ಇದೆ, ಹಾರ ಇದೆ, ಹಣ್ಣಿನ ಬುಟ್ಟಿ ಇದೆ. ಸನ್ಮಾನ ಯಾರಿಗೋ ಅವರು ಮಾತ್ರ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಐವತ್ತು ದಾಟಿದ ಮೇಲೆ ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೊದಲ ದರ್ಜೆಯಲ್ಲಿ ಪಾಸಾದ ನಮ್ಮ ಮನೆಯವರು. ಅಧ್ಯಕ್ಷರು ಕರೆದರು, ಬರಲಿಲ್ಲ. ಮೇಡಂ ಕರೆದರು, ಕೈ ಮುಗಿದು ಕುಳಿತರು. ನಾನು ಹೆಸರು ಹಿಡಿದು ಕರೆದರೆ ಮಾತ್ರ ಬರುತ್ತಾರಂತೆ. ಇದೇನು ದೊಡ್ಡ ಮಾತು ಎನ್ನುತ್ತೀರಾ? ದೊಡ್ಡದೇ. ಇವತ್ತಿನವರೆಗೆ ನಾನು ಅವರ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ.

ನಗಬೇಡಿ. ನೀವು ಹೇಳಿದ್ದೀರಾ? ಚನಬಸಪ್ಪಾ, ನೀನು ಹೇಳಿದ್ದೀಯಾ?

ಮೊದಲಿನಿಂದ ಹೇಳುತ್ತೇನೆ. ಮಗಳು ಸಹನಾಳ ಮದುವೆಯಾಯಿತು, ಮನೆ ಖಾಲಿಯಾಯಿತು. ಅಂಗನವಾಡಿ ಕೆಲಸ ಮಾಡುತ್ತಲೇ ಬಿ.ಎ. ಕಟ್ಟಿ ಮುಗಿಸಿದ್ದ ಇವರು ಒಂದು ದಿನ ರೊಟ್ಟಿ ಬಡಿಯುತ್ತ, "ಕೆಲಸ ಬಿಟ್ಟು ಧಾರವಾಡಕ್ಕ ಎಂ.ಎ. ಓದಾಕ ಹೋಗ್ತೇನಿ" ಎಂದರು. ಯಾವ ವಿಷಯ ಎಂದು ಕೇಳಿದೆ. "ಮನಷ್ಯಾರು ಹಿಂಗ್ಯಾಕ ಅದಾರ ಅನ್ನೂ ವಿಷಯ" ಎಂದರು. ಅದಕ್ಕೂ ಒಂದು ಡಿಗ್ರಿ ಐತೇನು ಅನ್ನಿಸಿತು. ಕಾಲನಿಯಲ್ಲಿ ಸುದ್ದಿ ಹಬ್ಬಿತು. ಅಕ್ಕ ಏನೋ ಶಾಸ್ತ್ರ ಓದುತ್ತಾರಂತೆ ಎಂದು ಯಾರೋ ಮಗನ ಜಾತಕ ಹಿಡಿದುಕೊಂಡು ಬಂದರು. ಅವರು ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ದಿನಾ ಬೆಳಿಗ್ಗೆ ಹಳಿಯಾಳದ ಮೇಲೆ ಹೋಗುವ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಬಂದವರು ಕೈಯಲ್ಲಿ ಇಕ್ಕಳದಂಥ ಒಂದು ಸಾಮಾನು ಹಿಡಿದು, "ಸುಮ್ನ ಕೂಡ್ರಿ, ಪ್ರಾಕ್ಟಿಕಲ್ ಐತಿ" ಎಂದು ನನ್ನ ತಲೆ ಅಳೆಯುತ್ತಿದ್ದರು. ಸಂಸಾರ ಹೂಡಿ ಇಷ್ಟು ವರ್ಷವಾದರೂ ನನ್ನ ತಲೆಯ ಅಗಲ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಒಳಗೇನಿದೆ ಎಂದು ಅಳೆಯುವ ಸಾಮಾನನ್ನು ಡಿಪಾರ್ಟ್‌ಮೆಂಟಿನವರು ಕೊಟ್ಟಿರಲಿಲ್ಲ, ಪುಣ್ಯ.

ಮೊದಲನೆಯ ಸೆಮಿಸ್ಟರಿನ ಪರೀಕ್ಷೆಯ ದಿನ ಚಾಳೀಸು ಮನೆಯಲ್ಲೇ ಬಿಟ್ಟು ಹೋಗಿದ್ದರು. ಕನ್ನಡಕ ಇಲ್ಲದಿದ್ದರೆ ಅವರಿಗೆ ಅಕ್ಷರವೆಲ್ಲ ಇರುವೆ. ಗೆಳೆಯ ಜ್ಯೋತಿಬಾನ ಮೋಟಾರ್‌ಸೈಕಲ್ ಹತ್ತಿ ಧಾರವಾಡಕ್ಕೆ ಓಡಿದೆ. ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ಜವಾನ ಸಿದ್ದಲಿಂಗ ತಡೆದ.

"ಯಾರ್ ಬೇಕ್ರಿ?"

"ನಮ್ಮ ಮನಿಯವರು."

"ಮನಿಯವರು ಸೈ, ಹೆಸರೇನ್ರಿ?"

ಸಭಿಕರೇ, ನಾಲಿಗೆಯ ತುದಿಯಲ್ಲಿದೆ, ಹೊರಗೆ ಬರುತ್ತಿಲ್ಲ! "ಸಹನಾನ ಅವ್ವ" ಎಂದೆ. ಆ ಪುಣ್ಯಾತ್ಮ ಒಳಗೆ ಹೋಗಿ ಸಹನಾ ಎಂಬ ಒಬ್ಬ ಹುಡುಗಿಯನ್ನು ಪರೀಕ್ಷೆಯಿಂದ ಎಬ್ಬಿಸಿಕೊಂಡು ಬಂದು, "ನೋಡವಾ, ನಿಮ್ಮಪ್ಪಾರು ಬಂದಾರ" ಎಂದ. "ಇವರು ನಮ್ಮಪ್ಪ ಅಲ್ರಿ" ಎಂದು ಆ ಹುಡುಗಿ ಅಳುವುದೊಂದು ಬಾಕಿ. ಗಂಟೆ ಬಾರಿಸಿ ಎಷ್ಟೋ ಹೊತ್ತಾಗಿತ್ತು. ಕೊನೆಗೆ ತಡವಾಗಿ ಓಡಿ ಬಂದ ಸಾಗರ ಎಂಬ ವಿದ್ಯಾರ್ಥಿ ನನ್ನ ಕೈಯಲ್ಲಿದ್ದ ಚಾಳೀಸಿನ ಡಬ್ಬಿಯ ಗುರುತು ಹಿಡಿದ. ಕಸಿದುಕೊಂಡು, ಇವರ ಹೆಸರಿನ ಮುಂದೆ ಒಂದು ಅಕ್ಕಾ ಹಚ್ಚಿ ಇಡೀ ವರಾಂಡಕ್ಕೆ ಕೇಳುವಂತೆ ಕೂಗಿದ. ಒಳಗಿನಿಂದ ಇವರು "ಓ" ಎಂದರು.

ಆ "ಓ" ಇನ್ನೂ ನನ್ನ ಕಿವಿಯಲ್ಲಿದೆ. ಎಷ್ಟು ಖುಷಿಯಾಗಿ ಓಗೊಟ್ಟರು! ನಾನು ಕರೆದಾಗ "ಏನ್ರಿ ನಿಮ್ದು" ಎನ್ನುವ ದನಿ ಅದಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಹೆಂಡತಿಯ ಹೆಸರು ಎಲ್ಲರ ಬಾಯಲ್ಲಿದೆ, ನನ್ನ ಬಾಯಲ್ಲಿ ಮಾತ್ರ ಇಲ್ಲ. ನನ್ನ ಫೋನಿನಲ್ಲಿ ಅವರ ನಂಬರು "ಮನಿ" ಎಂದಿದೆ.

ಎರಡನೆಯ ವರ್ಷ ಮೇಡಂ ಇವರನ್ನೆಲ್ಲ ಮುಂಡಗೋಡ ತಾಲೂಕಿನ ಪಾಳಾ ಊರಿಗೆ ಕ್ಷೇತ್ರಕಾರ್ಯಕ್ಕೆ ಕರೆದೊಯ್ದರು. ಮನೆಮನೆಗೆ ಹೋಗಿ ವಂಶವೃಕ್ಷ ಬರೆಯಬೇಕು. ಬೆಂಗಳೂರಿನ ಕಡೆಯ ಸಾಗರ ಹೆಂಗಸರಿಗೆ ಗಂಡನ ಹೆಸರು ಕೇಳಿದನಂತೆ. ಒಬ್ಬರೂ ಬಾಯಿ ಬಿಡಲಿಲ್ಲ. ಪಾಪ, ಓಣಿಯ ಹೆಂಗಸರೆಲ್ಲ ಗಂಡನ ಜೊತೆ ಜಗಳಾಡಿದ್ದಾರೆ ಎಂದುಕೊಂಡು ಬಂದುಬಿಟ್ಟ. ಇವರು ನಕ್ಕು, "ನಡಿ ನಾ ಬರ್ತೇನಿ, ಒಡಪಿನ್ಯಾಗ ಹೇಳಸೂಣು" ಎಂದು ಹೊರಟರು. ಗಂಡನ ಹೆಸರನ್ನು ನೆಟ್ಟಗೆ ಹೇಳದೆ ಎರಡು ಸಾಲಿನ ಪ್ರಾಸದೊಳಗೆ ಕೂಡಿಸಿ ಹೇಳುವ ಒಡಪು ನಮ್ಮ ತಾಯಂದಿರಿಗೆ ಹೊಸದೇ? ಒಂದು ಕಟ್ಟೆಯ ಮೇಲೆ ಅಜ್ಜಿಯೊಬ್ಬಳು, "ಮೊದಲ ನೀ ಹೇಳವಾ" ಎಂದಳಂತೆ. ಇವರು ನನ್ನ ಹೆಸರಿನ ಒಡಪು ಹೇಳಿದರು. ಅಜ್ಜಿ ಬಿಡಲಿಲ್ಲ. "ಚಲೋ ಆತು. ಲಗ್ನದಾಗ ಹೊಸಲಿ ದಾಟೂ ಮುಂದ ನಿನ್ನ ಗಂಡ ನಿನ್ನ ಹೆಸರು ಹೆಂಗ ಹೇಳಿದ್ದ?"

ಎಂ.ಎ. ವಿದ್ಯಾರ್ಥಿನಿ ವಹಿ ಮುಚ್ಚಿದರು. ಪ್ರಶ್ನೆ ಕೇಳಲು ಹೋದವರು ಪ್ರಶ್ನೆ ಹೊತ್ತುಕೊಂಡು ಮನೆಗೆ ಬಂದರು.

ಬಂದವರು ನನ್ನನ್ನು ಅಡುಗೆಮನೆಯಲ್ಲಿ ಕೂಡಿಸಿದರು. ಸಿಟ್ಟಿಲ್ಲ, ಸೆಡವಿಲ್ಲ. ಡಾಕ್ಟರು ಎಲ್ಲಿ ನೋವು ಎಂದು ಕೇಳುತ್ತಾರಲ್ಲ, ಆ ದನಿ. "ನೀವು ನನ್ನ ಏನಂತ ಕರೀತೀರಿ?"

"ಕರಿಯೂದ್ಯಾಕ? ನೀ ಇಲ್ಲೇ ಇರ್ತೀಯಲ್ಲ" ಎಂದೆ.

"ಈಗ ಇಲ್ಲೇ ಇರೂದಿಲ್ಲಲ್ಲ. ಈಗ ಹೆಂಗ?"

 ಆಮೇಲೆ ನಮ್ಮ ಮದುವೆಯ ಮಾತು ತೆಗೆದರು. ನಿಮಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ. ಹೊಸಿಲಿನಲ್ಲಿ ಹೆಂಗಸರು ನಮ್ಮನ್ನು ತಡೆದು ಹೆಸರು ಹೇಳು ಎಂದಾಗ ನಾನು ನಾಚಿ ನೀರಾಗಿದ್ದೆ. ನನ್ನ ಪರವಾಗಿ ತಂಗಿ ರೂಪಾಲಿ ಒಡಪು ಹೇಳಿ ಒಳಗೆ ಬಿಡಿಸಿದಳು. ಮುಂದೆ ಮನೆಯಲ್ಲಿ ಹಿರಿಯರಿದ್ದರು, ಹೆಂಡತಿಯ ಹೆಸರು ಹಿಡಿಯುವ ಪದ್ಧತಿ ಇರಲಿಲ್ಲ. ಹಿರಿಯರು ಹೋದರು, ರೂಢಿ ಹೋಗಲಿಲ್ಲ. ಇಷ್ಟನ್ನೂ ನನ್ನ ಬಾಯಿಂದಲೇ ಹೇಳಿಸಿ ಕೇಳಿಸಿಕೊಂಡ ಇವರು ಚಾಳೀಸು ತೆಗೆದು ಸೆರಗಿನಲ್ಲಿ ಒರೆಸುತ್ತ, "ಹಂಗಾರ ನಾ ಇನ್ನೂ ಹೊಸಲ್ಯಾಗ ನಿಂತೇನ್ರಿ" ಎಂದರು.

ಆ ಮಾತು ನನಗೆ ನಟ್ಟಿತು. 

ಅದೇ ಅವರ ಪ್ರಬಂಧದ ವಿಷಯವಾಯಿತು. ನಮ್ಮ ಕಾಲನಿಯಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವ ರೀತಿ. ನನಗೂ ಹುಚ್ಚು ಹತ್ತಿತು. ಚಹದ ಅಂಗಡಿಯಲ್ಲಿ ಕುಳಿತು ನಿಮ್ಮನ್ನೆಲ್ಲ ಕೇಳಿದೆ, ನೆನಪಿದೆಯೇ? ಜ್ಯೋತಿಬಾ ಮರಾಠಿಯಲ್ಲಿ "ಐಕಲಸ ಕಾ" ಎನ್ನುತ್ತಾನೆ, ಅಂದರೆ ಕೇಳಿದೆಯಾ. ಸುಭಾಸ ಮಗನ ಹೆಸರು ಕೂಗುತ್ತಾನೆ, ತಾಯಿ ಬರುತ್ತಾಳೆ, ಮಗ ಬರುವುದಿಲ್ಲ. ನಮ್ಮ ಚನಬಸಪ್ಪ ಕೆಮ್ಮುತ್ತಾನೆ. ಒಂದು ಕೆಮ್ಮಿಗೆ ಚಹ, ಎರಡು ಕೆಮ್ಮಿಗೆ ಟವೆಲ್ಲು. ಒಮ್ಮೆ ನಿಜವಾಗಿಯೇ ಕೆಮ್ಮು ಬಂದಾಗ ಮನೆಯಲ್ಲಿ ಏನೇನು ತಂದಿಟ್ಟರೋ ಅವನನ್ನೇ ಕೇಳಿ! ಮನುಷ್ಯರು ಹೀಗೆ ಯಾಕಿದ್ದಾರೆ? ಸುಮ್ಮನೆ ನಗುವ ಪ್ರಶ್ನೆಯಲ್ಲ ಇದು. ಮುಂದೆ ಇವರು ಜೋಯಿಡಾ ಕಡೆಯ ಊರುಗಳಲ್ಲಿ ಇದನ್ನೇ ಕೇಳುತ್ತ ತಿರುಗಬೇಕು ಎನ್ನುತ್ತಿದ್ದಾರೆ. ಅಲ್ಲಿಯ ಕೊಂಕಣಿ ಮನೆಗಳಲ್ಲಿ ಹೇಗೆ ಕರೆಯುತ್ತಾರೋ, ನನಗೂ ತಿಳಿಯಬೇಕಿದೆ. ಬುತ್ತಿ ಕಟ್ಟಿಕೊಂಡು ನಾನೂ ಹೋಗುವವನೇ.

ಇಷ್ಟೆಲ್ಲ ತಿಳಿದ ಮೇಲೆ ನಾನು ಮಾಡಿದ್ದೇನು? ಈ ಸಮಾರಂಭದ ಕಾರ್ಡಿಗೆ ಹೆಸರು ಬರೆಸಿರಿ ಎಂದು ಸಂಘದವರು ಫೋನು ಮಾಡಿದರೆ, ಬಾಯಿಗೆ ಬಂದದ್ದು "ಮಲಕಪ್ಪನವರ ಧರ್ಮಪತ್ನಿ". ಹಾಗೆಯೇ ಅಚ್ಚಾಯಿತು. ನಿಮ್ಮ ಕೈಯಲ್ಲೇ ಇದೆ, ನೋಡಿ. ಎಂ.ಎ. ಪಾಸಾದವರ ಹೆಸರೇ ಇಲ್ಲದ ಸನ್ಮಾನದ ಕಾರ್ಡು! ಇವರು ಅದನ್ನು ಓದಿ ಮಡಚಿಟ್ಟು, "ನೀವು ಹೆಸರು ಹಿಡದು ಕರದ್ರ ಮ್ಯಾಲ ಬರ್ತೇನಿ. ಇಲ್ಲಾ, ಕೆಳಗ ಕುಂತು ಚಪ್ಪಾಳಿ ಹೊಡೀತೇನಿ" ಎಂದರು.

ಮೇಡಂ, ನಿಮ್ಮ ಶಾಸ್ತ್ರದಲ್ಲಿ ಇಂಥ ಗಂಡನಿಗೆ ಏನೆನ್ನುತ್ತಾರೋ ಗೊತ್ತಿಲ್ಲ. ನಮ್ಮ ಹೊಳೆ, ಹೊಳೆದಂಡೆಯ ಮೌಳಂಗಿ ಎರಡನ್ನೂ ಕೂಡಿಸಿ ಒಂದು ಒಡಪು ಕಟ್ಟಿ, ಇವತ್ತು ಬಸ್‌ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತ ಬಂದಿದ್ದೇನೆ. ನಾಚಿಕೆ ಆಗುತ್ತಿದೆ. ಆಗಲಿ. ತಾಯಂದಿರೇ, ಸ್ವಲ್ಪ ಸುಮ್ಮನಿರಿ. ರೂಪಾಲೀ, ನೀನು ಈ ಸಲ ಬಾಯಿ ಹಾಕಬೇಡ.

ಕಾಳಿ ಹೊಳಿ ನೀರು, ಮೌಳಂಗಿ ಕಲ್ಲು,
ಮಲಕಪ್ಪ ಕರದಾನ, ಮಾಲವ್ವಾ, ಎದ್ದು ನಿಲ್ಲು!

ಚಪ್ಪಾಳೆ ಆಮೇಲೆ ಹೊಡೆಯಿರಿ, ಅವರು ಏಳುತ್ತಿಲ್ಲ. ಏನದು ಕೈಸನ್ನೆ? ಕಿವಿಗೆ ಕೈ ಹಚ್ಚಿದ್ದಾರೆ. ಕೇಳಿಸಲಿಲ್ಲವಂತೆ. ಕೇಳಿಸಿದೆ ಸ್ವಾಮಿ, ಎಲ್ಲ ಕೇಳಿಸಿದೆ, ಇನ್ನೊಮ್ಮೆ ಬೇಕಾಗಿದೆ, ಅಷ್ಟೆ.

ಮಾಲವ್ವಾ!

ಕೇಳಿದಿರಾ? "ಓ" ಎಂದರು. ನನಗೇ ಅಂದರು. ಎದ್ದರು, ಬರುತ್ತಿದ್ದಾರೆ. ಅಡಿವೆಯ್ಯನವರೇ, ಶಾಲು ಬಿಚ್ಚಿರಿ. ಜ್ಯೋತಿಬಾ, ಮೆಟ್ಟಿಲಿನ ಹತ್ತಿರದ ಆ ವಾಯರು ಸರಿಸು, ಎಡವಿಯಾರು. ನನ್ನ ಮಾತು ಮುಗಿಯಿತು. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ, ನನ್ನ ಮನೆಗೆ ಒಂದು ಪ್ರಶ್ನೆ ಕಳಿಸಿಕೊಟ್ಟ ಪಾಳಾದ ಆ ಅಜ್ಜಿಗೂ, ಈಗ ಮೆಟ್ಟಿಲು ಹತ್ತುತ್ತಿರುವ ಮಾಲವ್ವನಿಗೂ ನನ್ನ ನಮಸ್ಕಾರ.